ಕಂಟ್ರೋಲರ್ ಚಾಚಾ ಹೇಳಿದ ಆಟ

ಕಂಟ್ರೋಲರ್ ಚಾಚಾನ ಎಡಗಿವಿ ಮುದುಡಿ ಗಂಟಾಗಿತ್ತು, ಥೇಟ್ ಒಣ ಅಂಜೂರ. ಹರೆಯದಲ್ಲಿ ಗರಡಿಮನೆಯ ಮಣ್ಣಿನಲ್ಲಿ ತಿಕ್ಕಿಸಿಕೊಂಡು ತಿಕ್ಕಿಸಿಕೊಂಡು ಹಾಗಾದದ್ದು. ಮೈಕು ಹಿಡಿಯುವ ಮೊದಲು ಆ ಕಿವಿಯನ್ನು ಅಂಗೈಯಿಂದ ಮುಚ್ಚಿ, ಕಣ್ಣು ಕಿರಿದು ಮಾಡಿ, ಒಮ್ಮೆ ಉಗುಳು ನುಂಗುತ್ತಿದ್ದರು. ಆಮೇಲೆ ಬರುತ್ತಿದ್ದ ದನಿ ಇದೆಯಲ್ಲ, ಅಬ್ಬಬ್ಬಾ! ಆ ಕಡ್ಡಿಯಂಥ ಮೈಯಲ್ಲಿ ಅಷ್ಟು ದನಿಯನ್ನು ಎಲ್ಲಿ ಇಟ್ಟುಕೊಂಡಿದ್ದರೋ ನನಗೆ ಇವತ್ತಿಗೂ ತಿಳಿದಿಲ್ಲ.

ಅವರು ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಯಾವ ಊರಿನ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಕೂಗಿ ಹೇಳುವುದು ಅವರ ನೌಕರಿ. ಬೇರೆಯವರು ಹೇಳಿದರೆ ಅದು ಬರೀ ಸೂಚನೆ, ಯಾರೂ ಕತ್ತು ಹೊರಳಿಸುತ್ತಿರಲಿಲ್ಲ. ಚಾಚಾನ ಪಾಳಿ ಇದ್ದ ದಿನ ಬಸ್ಸಿನ ಕೆಲಸ ಇಲ್ಲದವರೂ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು.

"ರೋಣಕ್ಕ ಹೋಗೋರು ಲಗೂ ಬರ್ರಿ! ಡ್ರೈವರ್ ಸಾಹೇಬ್ರು ಚಾ ಕುಡದಾರ, ಇನ್ನ ಅವರನ್ನ ಹಿಡಿಯೋರು ಯಾರೂ ಇಲ್ಲ!" "ಅಸೂಟಿ ಅಜ್ಜಾರ, ನೀವು ಹತ್ತೀರಿ ಖರೇ, ನಿಮ್ಮ ಚೀಲ ಇಲ್ಲೇ ಕುಂತು ಅಳಾಕತ್ತೈತಿ ನೋಡ್ರಿ!"

ರಜೆಯ ದಿನ ಸುತ್ತ ಎಲ್ಲಿ ಕುಸ್ತಿ ಇದ್ದರೂ ಅಲ್ಲಿನ ಮೈಕು ಅವರದೇ. ಬಸ್ಸಿನ ಮಾತು ಕುಸ್ತಿಗೆ ಬರುತ್ತಿತ್ತು, ಕುಸ್ತಿಯ ಮಾತು ಬಸ್ಸಿಗೆ ಹೋಗುತ್ತಿತ್ತು. "ಮುಶಿಗೇರಿ ಪೈಲ್ವಾನ ಬೆನ್ನ ಮ್ಯಾಲೆ ಹತ್ತಿ ಕುಂತಾನ, ಕಡೀ ಸ್ಟಾಪ್ ಬರೂತನಕ ಇಳಿಯಾಂವಲ್ಲ!" ಎಂದರೆ ಮೈದಾನಕ್ಕೆ ಮೈದಾನವೇ ಹೋ ಎನ್ನುತ್ತಿತ್ತು. ಯಾರದಾದರೂ ಬೆನ್ನು ಮಣ್ಣಿಗೆ ಹತ್ತಿತೋ, ಪಂಚರು ಕೈ ಎತ್ತುವ ಮೊದಲೇ ಚಾಚಾ "ಚಿತ್!" ಎನ್ನುತ್ತಿದ್ದರು. ಅಷ್ಟೇ. ಕುಸ್ತಿ ಮುಗಿಯಿತು. ಅದರ ಮೇಲೆ ಅಪೀಲೇ ಇಲ್ಲ. ಪಂಚರು ತಪ್ಪಬಹುದು, ಚಾಚಾ ತಪ್ಪುವುದಿಲ್ಲ ಎಂದು ನಮ್ಮ ಕಡೆ ಮಂದಿ ಆಣೆ ಹಾಕಿ ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

ಅವರಿಗೆ ಇನ್ನೊಂದು ಪದ್ಧತಿಯಿತ್ತು. ಸೋತವನ ಹೆಸರು, ಊರು ಮೊದಲು ಹೇಳಿ ಆಮೇಲೆ ಗೆದ್ದವನದನ್ನು ಹೇಳುತ್ತಿದ್ದರು. ಯಾಕೆ ಹಾಗೆ ಎಂದು ಒಮ್ಮೆ ಕೇಳಿದೆ. "ಗೆದ್ದಾಂವನ ಹೆಸರ ಊರ ಮಂದೀನ ಹೇಳ್ತಾರ ಬೇಟಾ. ಸೋತಾಂವನ ಹೆಸರ ನಾ ಹೇಳಲಿಲ್ಲಂದ್ರ ಯಾರ ಹೇಳ್ತಾರ?" ಎಂದರು.

ನಮ್ಮ ಮನೆ ನೇಕಾರರ ಓಣಿಯಲ್ಲಿ, ಅವರ ಮನೆಯಿಂದ ನಾಲ್ಕು ಬಾಗಿಲು ಆಚೆ. ನಮ್ಮಪ್ಪ ಏನು ಕೇಳಿದರೂ "ನಿಮ್ಮವ್ವನ್ನ ಕೇಳು" ಎನ್ನುವ ಮನುಷ್ಯ. ಅವ್ವ ಮಗ್ಗದ ಮೇಲೆ ಕೂತೇ ಮನೆ ಆಳುತ್ತಿದ್ದಳು. ನಮ್ಮ ಶಾಲೆಗೆ ಹೊಸದಾಗಿ ಬಂದ ಆಟದ ಮಾಸ್ತರರು ಎರಡು ಜೊತೆ ಬಾಕ್ಸಿಂಗ್ ಗ್ಲೌಸು ತಂದು, ಓಣಿಯಲ್ಲಿ ಹುಡುಗರನ್ನು ಬಡಿಯುತ್ತಿದ್ದ ನನ್ನ ಕೈಗೆ ಅವನ್ನು ತೊಡಿಸಿದ್ದರು. ಧಾರವಾಡದ ಕೋಚ್ ಒಬ್ಬರು ನನ್ನನ್ನು ಹಾಸ್ಟೆಲಿನಲ್ಲಿಟ್ಟುಕೊಂಡು ಕಲಿಸಲು ಒಪ್ಪಿದ್ದರು. ಅವ್ವ ಮಾತ್ರ ಒಪ್ಪಲಿಲ್ಲ.

"ಮಂದೀ ಕೈಲೆ ಹೊಡಿಸಿಕೊಳ್ಳಾಕ ಹಡದೇನೇನ ನಿನ್ನ? ಮೂಗ ಮುರಕೊಂಡು ಬಂದಿ ಅಂದ್ರ ನಾ ಯಾರ ಜೋಡಿ ಜಗಳಾ ತಗೀಲಿ?" ಎಂದಳು. ಅಳು, ಉಪವಾಸ, ಮುನಿಸು ಎಲ್ಲ ಆಯಿತು. ಕಡೆಗೆ, ಊರ ಯುವಕ ಸಂಘದವರು ಕುಸ್ತಿಯ ದಿನ ಹುಡುಗಿಯರ ಒಂದು ಬಾಕ್ಸಿಂಗ್ ಪಂದ್ಯವನ್ನೂ ಇಟ್ಟುಕೊಂಡಾಗ, "ಅದೊಂದು ಆಡು. ಅಲ್ಲಿಗೆ ಮುಗೀತು. ನಾ ಅಂತೂ ನೋಡಾಕ ಬರಾಂಗಿಲ್ಲ" ಎಂದಳು. ಅವಳ ಲೆಕ್ಕದಲ್ಲಿ ಅದೇ ನನ್ನ ಮೊದಲನೆಯ ಪಂದ್ಯ, ಅದೇ ಕೊನೆಯದು.

ಚಾಚಾ ಬಾಕ್ಸಿಂಗ್ ನೋಡಿದವರೇ ಅಲ್ಲ. ಪಂದ್ಯಕ್ಕೆ ವಾರ ಮೊದಲು ನಮ್ಮ ಮನೆಯ ಕಟ್ಟೆಗೆ ಬಂದು ಕೂತರು.

"ನಿಮ್ಮ ಆಟದಾಗ ಪಟ್ಟು ಯಾವ್ಯಾವು ತೋರಸವ್ವಾ. ಗೊತ್ತಿಲ್ಲದ ರೂಟಿನ್ಯಾಗ ನಾ ಬಸ್ಸು ಬಿಡಾಂಗಿಲ್ಲ."

ನಾನು ತೋರಿಸುತ್ತ ಹೋದೆ, ಅವರು ಹೆಸರಿಡುತ್ತ ಹೋದರು. ಎಡಗೈಯಿಂದ ಎದುರಾಳಿಯನ್ನು ಪರೀಕ್ಷಿಸುವ ಏಟಿಗೆ 'ಬಾಗಿಲಾ ಬಡಿಯೋದು'. ಕೆಳಗಿನಿಂದ ಗದ್ದಕ್ಕೆ ಬರುವ ಏಟಿಗೆ 'ಕೊಡಾ ಎತ್ತೋದು'. ಬಿದ್ದವರಿಗೆ ರೆಫರಿ ಹತ್ತರವರೆಗೆ ಎಣಿಸುತ್ತಾರೆ, ಅಷ್ಟರೊಳಗೆ ಎದ್ದರೆ ಆಟ ಮುಂದುವರಿಯುತ್ತದೆ ಎಂದೂ ಹೇಳಿದೆ. "ಹೌದೇನ? ಭಾಳ ಚಲೋ ಪದ್ಧತಿ" ಎಂದು ತಲೆದೂಗಿದರು. ತಲೆಗೇನೋ ತಿಳಿದಿತ್ತು, ನಾಲಿಗೆಗೆ ತಿಳಿದಿರಲಿಲ್ಲ. ಅದು ಆಮೇಲೆ ಗೊತ್ತಾಯಿತು. ಮಗ್ಗದ ಮುಂದಿದ್ದ ಅವ್ವ ಇದನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಇದ್ದಳು, ಒಮ್ಮೆಯೂ ಈ ಕಡೆ ನೋಡಲಿಲ್ಲ.

ಪಂದ್ಯದ ಸಂಜೆ ಗುಡ್ಡದ ಬುಡದ ಮೈದಾನದಲ್ಲಿ ಸೂಜಿ ಊರಲು ಜಾಗವಿರಲಿಲ್ಲ. ಲೌಡ್‌ಸ್ಪೀಕರ್ ಹಾಕಿದರೆ ನಮ್ಮ ಓಣಿಯವರೆಗೂ ಕೇಳುತ್ತಿತ್ತು. ನನ್ನ ಎದುರಿಗೆ ನರಗುಂದದ ಹುಡುಗಿ, ನನಗಿಂತ ಗೇಣು ಎತ್ತರ. ಗಂಟೆ ಹೊಡೆಯಿತು, ಚಾಚಾ ಕಿವಿ ಮುಚ್ಚಿಕೊಂಡರು.

"ನಮ್ಮಾಕಿ ಬಾಗಿಲಾ ಬಡದ್ಳು, ಒಳಗ ಯಾರೂ ಇಲ್ಲ! ಮತ್ತ ಬಡದ್ಳು! ತಗದ್ಳು ನೋಡ್ರಿ ನರಗುಂದದಾಕಿ, ಬಾ ಕೂಡು ಅನ್ನಲಿಲ್ಲ, ಸೀದಾ ಮುಖಕ್ಕ ಕೊಟ್ಟ್ಳು!"

ಹೊಡೆಸಿಕೊಳ್ಳುತ್ತಿದ್ದವಳು ನಾನು, ಆದರೂ ನನಗೇ ನಗು ಬಂತು. ಎರಡನೆಯ ಸುತ್ತಿನಲ್ಲಿ ನಗು ಹೋಯಿತು. ಅವಳ ಬಲಗೈ ಬಂದದ್ದೇ ಕಾಣಲಿಲ್ಲ. ಕಣ್ಣು ಬಿಟ್ಟಾಗ ನಾನು ಅಂಗಾತ ಬಿದ್ದಿದ್ದೆ, ಮೇಲೆ ಆಕಾಶ.

"ಚಿತ್!"

ಇಡೀ ಊರಿಗೆ ಕೇಳುವಂತೆ ಹೇಳಿಬಿಟ್ಟರು ಚಾಚಾ. ಮಂದಿಯೆಲ್ಲ ಒಮ್ಮೆಗೇ ಎದ್ದು ಧೋತರ ಜಾಡಿಸಿಕೊಂಡರು. ಖರೇ ಹೇಳುತ್ತೇನೆ, ಬಿದ್ದಲ್ಲೇ ನಾನೂ ಮುಗಿಯಿತು ಅಂದುಕೊಂಡೆ. ಹುಟ್ಟಿದಾಗಿನಿಂದ ಕೇಳಿದ ದನಿ ಅದು. ಅದು ಹೊರಟಿತು ಎಂದರೆ ಬಸ್ಸು ಹೊರಟಿತು, ಮುಗಿಯಿತು ಎಂದರೆ ಕುಸ್ತಿ ಮುಗಿಯಿತು. ಆದರೆ ಕಿವಿಯ ಹತ್ತಿರ ರೆಫರಿ ಇನ್ನೂ ಎಣಿಸುತ್ತಲೇ ಇದ್ದರು. ನಾನು ಹೊರಳಿದೆ, ಮೊಣಕಾಲು ಊರಿದೆ, ಎದ್ದು ನಿಂತೆ.

ಮೈಕು ಸುಮ್ಮನಾಯಿತು. ಚಾಚಾನ ಮೈಕು ಸುಮ್ಮನಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ದನಿ ಬಂತು, ಕೂಗು ಅಲ್ಲ, ಮನೆಯ ಕಟ್ಟೆಯ ಮೇಲೆ ಕೂತು ಮಾತಾಡುವ ದನಿ.

"ಮಂದೀ, ಕೂಡ್ರಿ. ಎಲ್ಲಾರೂ ಕೂಡ್ರಿ. ನಂದು ತಪ್ಪಾತು. ಬೆನ್ನು ನೆಲಕ್ಕ ಹತ್ತಿದ ಮ್ಯಾಲೆ ಎದ್ದು ಮತ್ತ ಆಡೋದನ್ನ ಈ ಜಲ್ಮದಾಗ ನಾ ನೋಡಿದ್ದಿಲ್ಲ. ಇವತ್ತ ನೋಡಾಕತ್ತೇನಿ. ನೀವೂ ನೋಡ್ರಿ." ಮತ್ತೆ ಕಿವಿ ಮುಚ್ಚಿಕೊಂಡು, ಲೌಡ್‌ಸ್ಪೀಕರ್ ಹರಿಯುವಂತೆ ಕೂಗಿದರು. "ಮಗ್ಗದ ಓಣ್ಯಾಗಿನ ತಂಗೀ, ಕೇಳಾಕತ್ತೀಯೇನವಾ? ನಾ ಚಿತ್ ಅಂದಿದ್ದು ಸುಳ್ಳು! ನಿನ್ನ ಮಗಳು ಎದ್ದಾಳ! ನಿಂತಾಳ!"

ಅದಾದ ಮೇಲೆ ಹೇಗೆ ಆಡಿದೆನೋ ದೇವರೇ ಬಲ್ಲ. ಗೆಲ್ಲಲಿಲ್ಲ, ಪಾಯಿಂಟಿನ ಮೇಲೆ ಸೋತೆ. ಚಾಚಾ ಮೊದಲು ನನ್ನ ಹೆಸರು ಹೇಳಿದರು. ಮಂದಿ ಕೂತೇ ಇದ್ದರು.

ಮನೆಗೆ ಬಂದೆ. ಕೆಳತುಟಿ ಬಾತು ಬದನೆಕಾಯಿ ಆಗಿತ್ತು. ಅವ್ವ ಮಗ್ಗದ ಮುಂದೆಯೇ ಕೂತಿದ್ದಳು, ಲಾಳಿ ನೆಲದ ಮೇಲೆ ಬಿದ್ದಿತ್ತು. ನನ್ನ ತುಟಿ ನೋಡಿದಳು. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.

"ಅಷ್ಟ ದೊಡ್ಡ ಮನಿಶ್ಯಾ" ಎಂದಳು ಅವ್ವ, "ಇಡೀ ಊರ ಮುಂದ, ಮೈಕಿನ್ಯಾಗ ನಂದು ತಪ್ಪಾತು ಅಂದ್ರು. ನಾಲ್ಕು ಗ್ವಾಡಿ ಒಳಗ ಅನ್ನಾಕ ನನಗೇನ ಧಾಡಿ? ನಂದೂ ತಪ್ಪಾತು. ಹೋಗು ಧಾರವಾಡಕ್ಕ."

ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತೆ. ಏಟು ಬಿದ್ದಾಗ ಅಳದವಳು ಆಗ ಅತ್ತೆ.

ಹೋಗು ಎಂದಳೇ ಹೊರತು ನೋಡುವ ಧೈರ್ಯ ಅವಳಿಗೆ ನಾನು ಆಡಿದಷ್ಟು ವರ್ಷವೂ ಬರಲಿಲ್ಲ. ಧಾರವಾಡ, ಬೆಳಗಾವಿ, ದಾವಣಗೆರೆ ಎಂದು ನಾನು ಆಡಿದ ಪಂದ್ಯಗಳ ವಿಡಿಯೋ ಅಪ್ಪನ ಫೋನಿಗೆ ಬಂದರೆ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಅದಕ್ಕೂ ಚಾಚಾನೇ ಬಂದರು. ಪಾಳಿ ಮುಗಿಸಿ ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು, ಫೋನನ್ನು ಮೂಗಿನ ಹತ್ತಿರ ಹಿಡಿದು, ಒಬ್ಬಳೇ ಒಬ್ಬ ಹೆಂಗಸಿಗಾಗಿ ಇಡೀ ಪಂದ್ಯ ಹೇಳುತ್ತಿದ್ದರು. ಅವ್ವ ಬೆನ್ನು ಮಾಡಿ ನೇಯುತ್ತ ಕೇಳುತ್ತಿದ್ದಳು. ನಾನು ರಜೆಗೆ ಬಂದಾಗ ಬಾಗಿಲ ಹಿಂದೆ ನಿಂತು ಕೇಳಿದ್ದೇನೆ.

"ಹಾಂ, ಬಂದ್ಳು ತಂಗಿ ನಿನ್ನ ಮಗಳು. ಬರಾಕತ್ತಾಳ ಅಂದ್ರ ದಾರಿ ಬಿಡ್ತಾರ ಮಂದಿ. ಎದುರಿಗೆ ಅದಾಳ ಒಬ್ಬಾಕಿ, ಪಾಪ, ಆಕೀಗೂ ಒಬ್ಬಾಕಿ ತಾಯಿ ಇರಬೇಕು. ಬಾಗಿಲಾ ಬಡದ್ಳು... ಕೊಡಾ ಎತ್ತಿದ್ಳು! ಯಾ ಅಲ್ಲಾ, ಏನ ಎತ್ತಿದ್ಳವ್ವಾ!"

"ಬಿದ್ದಳೇನ್ರಿ ಅಣ್ಣಾರ?" ಎಂದು ಅವ್ವ ನಡುನಡುವೆ ಕೇಳುತ್ತಿದ್ದಳು. ಬಿದ್ದಿದ್ದರೆ ಚಾಚಾ ಲಗೂ ಉತ್ತರ ಕೊಡುತ್ತಿರಲಿಲ್ಲ. ನಾನು ಎದ್ದ ಮೇಲೆಯೇ ಬಾಯಿ ಬಿಡುತ್ತಿದ್ದರು: "ಎದ್ದಾಳ ತಂಗಿ." ಚಿತ್ ಎಂಬ ಮಾತನ್ನು ನನ್ನ ಆಟಕ್ಕೆ ಅವರು ಮತ್ತೆಂದೂ ಬಳಸಲಿಲ್ಲ.

ನಾನೀಗ ರೋಣದ ಶಾಲೆಯೊಂದರಲ್ಲಿ ಹುಡುಗಿಯರಿಗೆ ಬಾಕ್ಸಿಂಗ್ ಕಲಿಸುತ್ತೇನೆ. ಹೋದ ಚಳಿಗಾಲದಲ್ಲಿ ಚಾಚಾ ಜ್ವರವೆಂದು ದವಾಖಾನಿ ಸೇರಿದವರು ತಿರುಗಿ ಬರಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದ ದಿನ ಬಸ್ ನಿಲ್ದಾಣದಲ್ಲಿ ಯಾರೂ ಮೈಕು ಮುಟ್ಟಲಿಲ್ಲ, ಡ್ರೈವರುಗಳೇ ಇಳಿದು ಊರು ಕೂಗಿ ಮಂದಿಯನ್ನು ಹತ್ತಿಸಿಕೊಂಡರು. ಅವ್ವ ಅವರ ಮನೆಗೆ ಹೋಗಿ ಚಾಚಿಯ ಕೈ ಹಿಡಿದು ಕೂತಿದ್ದು ಬಂದಳು.

ಒಂದು ವಾರ ಕಳೆದಿರಬೇಕು. ಅವ್ವ ಮಗ್ಗ ನಿಲ್ಲಿಸಿ, ಕೈ ಒರೆಸಿಕೊಂಡು, ನನ್ನ ಮುಂದೆ ಬಂದು ಕೂತಳು.

"ಅಣ್ಣಾರು ಹೇಳ್ತಿದ್ದ ಆ ಧಾರವಾಡದ ಆಟ ಹಚ್ಚು. ಇನ್ನ ಹೇಳೋರು ಯಾರ ಅದಾರ, ನಾನ ನೋಡ್ತೇನಿ."

ಹಚ್ಚಿ ಕೊಟ್ಟೆ. ಅವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಡೆಯವರೆಗೂ ನೋಡಿದಳು. ಆಟ ಮುಗಿಯಿತು. ಮತ್ತೊಮ್ಮೆ ಹಚ್ಚೆಂದಳು, ಮತ್ತೊಮ್ಮೆ ನೋಡಿದಳು. ಆಮೇಲೆ ಮುಖ ಎತ್ತಿ ನನ್ನನ್ನು ಯಾರೋ ಹೊಸಬಳೆಂಬಂತೆ ನೋಡಿದಳು.

"ಇಷ್ಟ ಸಣ್ಣಾಕಿ ಇದ್ದೇನ ನೀ?" ಎಂದಳು. "ಅಣ್ಣಾರು ಹೇಳೂವಾಗ ಭಾಳ ದೊಡ್ಡಾಕಿ ಇದ್ದಿ."