ದೋಣಿಯ ತಳಕ್ಕೊಂದು ಬಣ್ಣ

ಕೇಳದವರಿಗೂ ಬುದ್ಧಿ ಹೇಳುವುದು ನನಗಂಟಿದ ಚಟ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಚೌಕಾಸಿ ಮಾಡುತ್ತಲೇ ನಾಲ್ಕು ಕಾಸು ಕಂಡವನು ನಾನು. ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಕೂಡದು ಎಂಬುದು ನನಗೆ ವಾಸನೆಯಲ್ಲೇ ತಿಳಿಯುತ್ತದೆ. ಆದ್ದರಿಂದ ನಿಮ್ಮ ಮನೆಯಲ್ಲಿ ಟ್ರೈಲರ್ ಮೇಲೆ ನಿಂತ ದೋಣಿಯೊಂದಿದ್ದರೆ ದಯವಿಟ್ಟು ಮುಂದೆ ಓದಿ. ಇಲ್ಲದಿದ್ದರೂ ಓದಿ. ದೋಣಿ ಯಾವಾಗ ಅಗ್ಗಕ್ಕೆ ಸಿಕ್ಕೀತೋ ಹೇಳಲಾಗದು.

ನನಗೆ ಸಿಕ್ಕಿದ್ದೂ ಹಾಗೆಯೇ. ಕೊಬ್ಬರಿ ಲೋಡಿನ ಜೊತೆ ಮಂಗಳೂರಿನ ಕಡೆಗೆ ಹೋದವನು ಹಳೆಯ ಫೈಬರ್ ದೋಣಿಯೊಂದರ ಬೆಲೆಯನ್ನು ಸುಮ್ಮನೆ ಕೇಳಿದೆ. ಹೇಳಿದವನಿಗೆ ಬೆನ್ನು ತೋರಿಸಿ ನಡೆಯತೊಡಗಿದೆ. ಆತ ಕೂಗಿ ಕರೆದು ಟ್ರೈಲರನ್ನೂ ಸೇರಿಸಿ ಕೊಟ್ಟ. ಮನೆಗೆ ತಂದು ಕೊಬ್ಬರಿ ಅಟ್ಟದ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿ, "ಬೋರನಕಣಿವೆ ಡ್ಯಾಮಿನ ನೀರಲ್ಲಿ ನಿನ್ನನ್ನೊಂದು ಸುತ್ತು ಹಾಕಿಸ್ತೀನಿ ಕಣೇ," ಎಂದು ಹೆಂಡತಿ ಗೌರಮ್ಮನಿಗೆ ಮಾತು ಕೊಟ್ಟೆ. ಯಾವ ಸೀರೆ ಉಡುವುದೆಂದು ಅವಳು ಆವತ್ತೇ ತೀರ್ಮಾನಿಸಿಬಿಟ್ಟಳು.

ತೀರ್ಮಾನವಾಗದೆ ಉಳಿದದ್ದು ಬಣ್ಣದ ವಿಷಯ. ದೋಣಿಯ ತಳಕ್ಕೆ ಪಾಚಿ, ಚಿಪ್ಪುಹುಳ ಅಂಟದಂತೆ ಕಾಯುವ ಬಣ್ಣವೊಂದಿದೆ, ಬಲು ದುಬಾರಿ. "ಬಳೀದೆ ನೀರಿಗೆ ಬುಟ್ರೆ ತಳ ಹಾಳಾಗೋಯ್ತದೆ ಭಾವ," ಎಂದ ಗೌರಮ್ಮನ ತಮ್ಮ ರಂಗಸ್ವಾಮಿ.

"ನಿನ್ನೆಮ್ಮೆ ದಿನಾ ಕೆರೇಲಿ ಮಿಂದು ಬತ್ತದಲ್ಲ, ಅದಕ್ಕೂ ಬಳಿತೀಯೇನ್ಲಾ?"

"ಎಮ್ಮೆ ಮೈ ತಿಕ್ಕೋಕೆ ನಾನಿದೀನಿ. ನಿಮ್ಮ ದೋಣಿ ಮೈ ತಿಕ್ಕೋರು ಯಾರು?"

ಕೆಣಕಿದನಲ್ಲ, ಬಲ್ಲವರನ್ನೆಲ್ಲ ವಿಚಾರಿಸಿದೆ. ಪಾಚಿ ಅವಸರದ ಪ್ರಾಣಿಯಲ್ಲ. ಬೀಡುಬಿಡಲು ಅದಕ್ಕೆ ಹಗಲೂ ರಾತ್ರಿ ನೀರಲ್ಲೇ ನಿಂತಿರುವ ತಳ ಬೇಕು. ಬೆಳಿಗ್ಗೆ ಇಳಿಸಿ, ಸಂಜೆ ಟ್ರೈಲರಿಗೇರಿಸಿ, ತೊಳೆದು ಒಣಗಿಸುವ ದೋಣಿಯ ತಂಟೆಗೆ ಅದು ಬರುವುದಿಲ್ಲ. ಮೇಲಾಗಿ ಆ ಬಣ್ಣಗಳಲ್ಲಿ ಎಷ್ಟೋ, ನೀರಿನಿಂದಾಚೆ ಒಣಗಿ ನಿಂತರೆ ಸತ್ವವನ್ನೇ ಕಳೆದುಕೊಳ್ಳುತ್ತವಂತೆ. ವಾರಗಟ್ಟಲೆ ನೀರಲ್ಲೇ ಬಿಡುವವರು ಬಳಿಯಿರಿ. ಉಳಿದವರಿಗೆ ಒಂದು ಬಕೆಟ್ ನೀರು, ಒಂದು ಹಿಡಿ ತೆಂಗಿನ ನಾರು ಸಾಕು.

ಇಷ್ಟು ತಿಳಿದ ಮೇಲೂ ಬಣ್ಣದಂಗಡಿಯವನಿಗೆ ಫೋನ್ ಮಾಡುವುದನ್ನು ನಾನು ಬಿಡಲಿಲ್ಲ. ಬೇಡದ ಸರಕಿನ ಚೌಕಾಸಿಯಲ್ಲಿರುವ ಸುಖ ಬೇಕಾದ ಸರಕಿನದರಲ್ಲಿ ಎಲ್ಲಿ ಬರಬೇಕು! ಆತ ಬೆಲೆ ಇಳಿಸಿದ, ನಾನು ಜಗ್ಗಲಿಲ್ಲ. ಬ್ರಷ್ ಪುಕ್ಕಟೆ ಎಂದ, ನೋಡೋಣ ಎಂದೆ. ಇಷ್ಟು ಇಳಿದ ಮೇಲೆ ಬಳಿಸಿಯೇಬಿಡೋಣವೇ ಎಂಬ ಆಸೆ ಬೇರೆ. ನಡುವೆ ಅಟ್ಟ ತುಂಬಿತೆಂದು ಗೌರಮ್ಮ ಮಿಕ್ಕ ಕಾಯಿಗಳನ್ನು ದೋಣಿಗೆ ಸುರಿಸಿದಳು. ನಾಲ್ಕು ದಿನದ ಮಾತು ತಾನೇ ಎಂದುಕೊಂಡೆ. ನಮ್ಮಲ್ಲಿ ಕಾಯನ್ನು ಹೆಚ್ಚುಕಡಿಮೆ ವರ್ಷ ಹಾಗೆಯೇ ಇಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದಾಗ ಗಡಗಡ ಎಂದರೆ ಕೊಬ್ಬರಿಯಾಯಿತೆಂದು ಲೆಕ್ಕ.

ಮೊನ್ನೆ ನಾನು ಫೋನಿನಲ್ಲಿದ್ದಾಗ ಗೌರಮ್ಮ ದೋಣಿಗೆಂದು ಆರಿಸಿಟ್ಟಿದ್ದ ಆ ಸೀರೆಯನ್ನೇ ಉಟ್ಟು ಬಂದು, ದೋಣಿಯಿಂದ ಒಂದು ಕಾಯಿ ಎತ್ತಿ, ನನ್ನ ಇನ್ನೊಂದು ಕಿವಿಯ ಹತ್ತಿರ ಅಲ್ಲಾಡಿಸಿದಳು.

ಗಡಗಡ.

"ಕೇಳುಸ್ತೇನ್ರೀ? ಕಾಯಿ ಕೊಬ್ಬರಿ ಆಯ್ತು. ನಿಮ್ಮ ಚೌಕಾಸಿ ಇನ್ನೂ ಎಳನೀರಲ್ಲೇ ಐತೆ."

ಫೋನ್ ಇಟ್ಟೆ. ಕಾಯಿ ಇಳಿಸಿ, ಟ್ರೈಲರ್ ಕಟ್ಟಿಕೊಂಡು ಹೊರಟೆವು. ನೀರಿಗಿಳಿದ ಮೇಲೆ ಗೌರಮ್ಮ ಒಂದೇ ಸುತ್ತು ಸಾಲದೆಂದು ಮೂರು ಹಾಕಿಸಿದಳು. ಚೌಕಾಸಿಯನ್ನು ಅವಳೂ ಕಲಿತಿದ್ದಾಳೆ.

ಸಂಜೆ ನಾರು ಹಿಡಿದು ತಳ ತಿಕ್ಕುತ್ತಿದ್ದಾಗ, "ಎಮ್ಮೆಗಿಂತ ಚೆನ್ನಾಗಿ ಹೊಳೀತದೆ ಬುಡಿ ಭಾವ," ಎಂದ ರಂಗಸ್ವಾಮಿ. ಪಾಚಿಯ ಕುರುಹೂ ಇರಲಿಲ್ಲ. ನಿಂತದ್ದಕ್ಕೆ ಮಾತ್ರ ಏನಾದರೂ ಅಂಟಿಕೊಳ್ಳುತ್ತದೆ: ನೀರಲ್ಲಾದರೆ ಪಾಚಿ, ನಮ್ಮ ಸೀಮೆಯಲ್ಲಾದರೆ ತೆಂಗಿನಕಾಯಿ.