ಮಂಗಳವಾರ ಕಳಿಸದ ಹಕ್ಕಿ

ನಮ್ಮ ಹಕ್ಕಿಯ ವಿಷಯದಲ್ಲಿ ಖರೆ ಆದದ್ದು ಇಷ್ಟೇ: ನಡುವೆ ಒಂದು ಮಂಗಳವಾರ ಬಂತು. ಉಳಿದದ್ದೆಲ್ಲ ಆದದ್ದು ನನ್ನ ತಲೆಯೊಳಗೆ. ಆದರೂ ನಾನು ಪಟ್ಟ ಪಾಡು ಮರೆಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶಾಲೆ ಕಲಿತದ್ದು ಕಡಿಮೆ, ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಹೋದ ವರ್ಷದ ಬೇಸಿಗೆ ಸೂಟಿಯ ಮಾತು. ನಾವಿರುವುದು ಬೆಟಗೇರಿಯಲ್ಲಿ. ಮಗ, ಸೊಸೆ ಸವಿತಾ, ಮೊಮ್ಮಗಳು ಸಹನಾ, ನಾನು. ಮತ್ತೆ ಒಂದು ಹಕ್ಕಿ. ಅಂಗಡಿಯವರು ಲವ್ ಬರ್ಡ್ ಅನ್ನುತ್ತಾರಲ್ಲ, ಅಂಥದ್ದು. ಹಳದಿ ತಲೆ, ಹಸಿರು ಹೊಟ್ಟೆ. ಸಹನಾ ಅದಕ್ಕೆ ರಾಜಾ ಅಂತ ಹೆಸರಿಟ್ಟಿದ್ದಳು. ಐದನೇ ಇಯತ್ತೆಯ ಹುಡುಗಿ, ಬೆಳಿಗ್ಗೆ ಮುಖ ತೊಳೆಯುವುದಕ್ಕೂ ಮೊದಲು ಪಂಜರದ ಮುಂದೆ ಹೋಗಿ ನಿಲ್ಲುತ್ತಾಳೆ. ನನಗೆ ಆ ಹಕ್ಕಿ ಅಷ್ಟಕ್ಕಷ್ಟೇ. ನವಣೆ ಸಿಪ್ಪೆಯನ್ನು ಮನೆ ತುಂಬ ಹಾರಿಸುತ್ತದೆ. ಕಸ ಹೊಡೆಯುವವಳು ನಾನು.

ಗೋಕರ್ಣ, ಮುರ್ಡೇಶ್ವರ ಕಡೆ ಹೋಗಿ ಬರೋಣ ಅಂತ ಮಗ ಗೊತ್ತು ಮಾಡಿದ. ಒಂದು ವಾರದ ತಿರುಗಾಟ. ಎಲ್ಲ ಗೊತ್ತಾದ ಮೇಲೆ ಸಹನಾ ಮೂಲೆ ಹಿಡಿದು ಕುಳಿತಳು. "ನಾ ಬರಂಗಿಲ್ಲ. ರಾಜಾನ್ನ ಯಾರ ನೋಡ್ಕೋತಾರ?"

ಮಗ ಅಂದ: "ಒಂದ ದೊಡ್ಡ ಬಟ್ಟಲದಾಗ ಕಾಳು, ಒಂದರಾಗ ನೀರು ಇಟ್ಟ ಹೋದ್ರ ಆತು. ಹಕ್ಕಿ ಐತಿ, ತಿಂದಕೊಂಡ ಇರತೈತಿ."

"ನಿನ್ನ ಒಂದ ಖೋಲ್ಯಾಗ ಹಾಕಿ, ರೊಟ್ಟಿ ಬುಟ್ಟಿ ಇಟ್ಟ, ಕೀಲಿ ಹಾಕ್ಕೊಂಡ ನಾವ ಹೊಕ್ಕೀವಿ. ಇರ್ತೀಯೇನ?" ಅಂದೆ.

ಎದುರು ಮನೆಯವರು ನೋಡಿಕೊಳ್ಳುತ್ತೇವೆ ಅಂದರು. ಅವರ ಮನೆಯಲ್ಲಿ ಬೆಕ್ಕಿದೆ. ಹಕ್ಕಿ ಅಂಗಡಿಯವನನ್ನು ಕೇಳಿದೆವು. ಒಂದೇ ಕತ್ತಲೆ ಖೋಲಿಯಲ್ಲಿ ಹತ್ತಾರು ಪಂಜರ ಒಂದರ ಮೇಲೊಂದು ಇಟ್ಟಿದ್ದ. ಸಹನಾ ಒಳಗೆ ಇಣುಕಿದವಳೇ ನನ್ನ ಸೆರಗು ಹಿಡಿದು ಹೊರಗೆ ಎಳೆದಳು. ಕೊನೆಗೆ ನಾನೇ ಅಂದೆ: "ಲಕ್ಷ್ಮೇಶ್ವರಕ್ಕ ಒಯ್ದ ಇಡೂಣು. ನೀಲವ್ವಾರ ಮನ್ಯಾಗ."

ನೀಲವ್ವ ನಮ್ಮ ಬೀಗಿತ್ತಿ, ಸವಿತಾಳ ತಾಯಿ. ಕೂಡಿದ ಮನೆ, ಯಾವಾಗಲೂ ಯಾರಾದರೂ ಇರುತ್ತಾರೆ. ಆದರೆ ಸವಿತಾಗೆ ಈ ಮಾತು ಬೇಕಾಗಿರಲಿಲ್ಲ. ಅಡುಗೆ ಮನೆಗೆ ಬಂದು ದನಿ ತಗ್ಗಿಸಿ ಹೇಳಿದಳು: "ಅತ್ತಿ, ನಮ್ಮವ್ವಗ ಹಕ್ಕಿ ಸಾಕಿದ ರೂಢಿ ಇಲ್ರಿ. ಏನರ ಹೆಚ್ಚುಕಮ್ಮಿ ಆತಂದ್ರ ಮಾತ ಅಕಿ ಮ್ಯಾಲ ಬರತೈತಿ. ಬೀಗರ ನಡುವ ಹಕ್ಕಿ ಸಲುವಾಗಿ ಮಾತ ಬ್ಯಾಡ್ರಿ."

"ನಾ ಏನೂ ಅನ್ನಂಗಿಲ್ಲ" ಅಂದೆ. ಸಹನಾಗೂ ಮಾತು ಕೊಟ್ಟೆ. "ನಿನ್ನ ಹಕ್ಕೀನ ನಾನ ಇಟ್ಟ ಬರ್ತೀನಿ, ನಾನ ತಂದ ಕೊಡ್ತೀನಿ. ಜೀವಂತ. ಈಗ ಬ್ಯಾಗ ತುಂಬು."

ಪಂಜರ ಹಿಡಿದು ನಾನು, ಸಹನಾ ಲಕ್ಷ್ಮೇಶ್ವರದ ಬಸ್ ಹತ್ತಿದೆವು. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ, ಪಂಜರ ನೋಡಿದ. "ಅಮ್ಮಾರ, ಇದು ಹೆಣ್ಣಿದ್ರ ಫ್ರೀ, ಗಂಡಿದ್ರ ಟಿಕೀಟ ತಗೀಬೇಕ್ರಿ" ಅಂತ ಚೇಷ್ಟೆ ಮಾಡಿದ. ಸಹನಾ ಖರೆ ಅಂತಲೇ ತಿಳಿದು, "ಗಂಡ ಐತ್ರಿ, ಹೆಸರ ರಾಜಾ" ಅಂದಳು. ಬಸ್ಸೆಲ್ಲ ನಕ್ಕಿತು.

ನೀಲವ್ವ ಹಕ್ಕಿಯನ್ನು ನೆಂಟರನ್ನು ಕರೆದುಕೊಂಡ ಹಾಗೆ ಒಳಗೆ ಕರೆದುಕೊಂಡರು. ಕಾಳು ಎಷ್ಟು, ನೀರು ಯಾವಾಗ, ಪಂಜರದ ಕದ ಹೇಗೆ ಹಾಕಬೇಕು, ಎಲ್ಲವನ್ನೂ ಸಹನಾ ಅವರಿಗೆ ಕಲಿಸಿದಳು. ಅವರು ಶಾಲೆ ಮಕ್ಕಳ ಹಾಗೆ ಕೈ ಕಟ್ಟಿ ಕೇಳಿದರು. ಮರುದಿನ ನಾವು ಹೊರಟೆವು.

ಸಮುದ್ರ ನೋಡಿದೆ. ನೀರು ಬಹಳ ಇತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವಂಥದ್ದು ನನಗೇನೂ ಕಾಣಲಿಲ್ಲ.

ಮೊದಲೆರಡು ದಿನ ಎಲ್ಲ ಸರಿಯಿತ್ತು. ಫೋನ್ ಹಚ್ಚಿದರೆ ನೀಲವ್ವ ಅದನ್ನು ಪಂಜರದ ಮುಂದೆ ಹಿಡಿಯುತ್ತಿದ್ದರು. ಹಕ್ಕಿ ಚೀಂವ್‌ಗುಟ್ಟುತ್ತಿತ್ತು. ಇತ್ತ ಸಹನಾ ಮರಳಿನಲ್ಲಿ ಕುಳಿತು ತಾನೂ ಚೀಂವ್‌ಗುಟ್ಟುತ್ತಿದ್ದಳು. ಆಮೇಲೆ ಒಂದು ದಿನ ಹಕ್ಕಿಯ ದನಿ ಬರಲಿಲ್ಲ.

"ರಾಜಾ ಎಲ್ಲಿ ಅಮ್ಮಾ?" ಸಹನಾ ತಾಯಿಯ ತಾಯಿಗೆ ಅಮ್ಮ ಅನ್ನುತ್ತಾಳೆ, ನನಗೆ ಆಯಿ.

"ಒಳಗ ಐತವ್ವಾ. ಮಲಗೇತಿ."

"ರಾಜಾ ಹಗಲೊತ್ತಿನ್ಯಾಗ ಮಲಗಂಗಿಲ್ಲ. ವಿಡಿಯೋ ಹಚ್ಚಿ ತೋರಸು."

"ಈಗ ತೋರ್ಸಾಕ ಬರಂಗಿಲ್ಲವ್ವಾ. ಊರಿಗೆ ಬರ್ರಿ, ಕಣ್ಣಾರೆ ನೋಡೀರಂತ."

ಮರುದಿನವೂ ಹೀಗೇ. ಅದರ ಮರುದಿನವೂ ಹೀಗೇ. ನಾನು ಫೋನ್ ಇಸಿದುಕೊಂಡು ದೂರ ಹೋಗಿ ನಿಂತು ನೇರ ಕೇಳಿದೆ. "ನೀಲವ್ವಾರ, ಹಕ್ಕಿ ಐತೋ ಇಲ್ಲೋ?"

"ಅಯ್ಯ, ಎಂಥಾ ಮಾತ ಆಡ್ತೀರಿ ಅಕ್ಕಾರ! ಐತ್ರಿ, ಐತಿ" ಅಂದು ನಕ್ಕು ಫೋನ್ ಇಟ್ಟುಬಿಟ್ಟರು. ಆ ನಗು ನನಗೆ ಸರಿ ಬರಲಿಲ್ಲ. ಏನನ್ನೋ ಮುಚ್ಚಿಟ್ಟವರ ನಗು ಅದು.

ಸೋಮವಾರ ಸಂಜೆ ಊರಿಗೆ ಬಂದೆವು. ನಾಳೆ ಬಂದು ಹಕ್ಕಿ ಒಯ್ಯುತ್ತೇನೆ ಅಂತ ಫೋನ್ ಮಾಡಿದರೆ ನೀಲವ್ವ ಅಂದರು: "ನಾಳಿ ಬ್ಯಾಡ್ರಿ ಅಕ್ಕಾರ. ನಾಳಿ ಮಂಗಳವಾರ. ಕಳಸಾಕ ಬರಂಗಿಲ್ಲ."

ನಮ್ಮ ಕಡೆ ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳನ್ನು ಮನೆಯಿಂದ ಕಳಿಸುವುದಿಲ್ಲ. ನಾನೂ ನನ್ನ ಮಕ್ಕಳನ್ನು ಕಳಿಸಿದವಳಲ್ಲ. ಆದರೆ ಗಂಡು ಹಕ್ಕಿಗೆ ಎಂಥ ಮಂಗಳವಾರ? ನನಗೆ ಖಾತ್ರಿಯಾಯಿತು. ಹಕ್ಕಿ ಸತ್ತಿದೆ. ಹೇಳಲು ಬಾಯಿ ಬಾರದೆ ದಿನ ತಳ್ಳುತ್ತಿದ್ದಾರೆ.

ಸವಿತಾಗೂ ಹಾಗೇ ಅನಿಸಿತ್ತು ಅಂತ ಕಾಣುತ್ತದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ನಾ ಮೊದಲ ಹೇಳಿದ್ದೆ ಅತ್ತಿ" ಅಂದಳು. "ಹೇಳಿದ್ದಿ. ರೊಟ್ಟಿ ಹೊತ್ತಾಕತ್ತೇತಿ, ನೋಡು" ಅಂದೆ. ಇನ್ನೇನು ಅನ್ನಲಿ?

ಮಂಗಳವಾರ ಬೆಳಿಗ್ಗೆ ಸಹನಾ ನನಗಿಂತ ಮೊದಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು. "ಬಿಸಲ ಭಾಳ ಐತಿ, ನೀ ಬ್ಯಾಡ" ಅಂದೆ.

"ರಾಜಾನ್ನ ಕರಕೊಂಡ ಬರ್ತೀ ಹೌದಿಲ್ಲೋ ಆಯಿ?"

"ನೋಡೂಣು."

ನಾನು ನೋಡೋಣ ಅನ್ನುವವಳಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅದು ಹುಡುಗಿಗೂ ಗೊತ್ತು. ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಹಿಂದೆ ತಿರುಗದೆ ನಡೆದೆ.

ಬಸ್ಸಿನಲ್ಲಿ ಬೇರೆ ಯೋಚನೆಯೂ ಬಂತು. ಹಳದಿ ತಲೆಯ ಹಕ್ಕಿಗೇನು ಬರ? ಅಂಗಡಿಯಿಂದ ಇನ್ನೊಂದನ್ನು ತಂದು ಪಂಜರದಲ್ಲಿ ಬಿಟ್ಟರೆ ಮುಗಿಯಿತು. ಆದರೆ ಸುಳ್ಳು ಹೇಳಿದರೆ ಅದನ್ನು ದಿನಾ ನೆನಪಿಟ್ಟುಕೊಂಡು ಕಾಯಬೇಕು. ಆ ಕೆಲಸ ನನ್ನಿಂದ ಆಗದು. ಸತ್ತಿದೆ ಅಂತಲೇ ಹೇಳುವುದು, ಹುಡುಗಿ ಅಳುವಷ್ಟು ಅಳಲಿ ಅಂತ ಗಟ್ಟಿ ಮಾಡಿಕೊಂಡೆ. ನೀಲವ್ವಗೆ ಏನನ್ನಬೇಕು ಅನ್ನುವುದನ್ನೂ ಜೋಡಿಸಿಕೊಂಡೆ. ಮುಳಗುಂದ ದಾಟುವವರೆಗೆ "ಆದದ್ದು ಆತು, ಬಿಡ್ರಿ" ಅನ್ನಬೇಕು ಅಂತಿತ್ತು. ಲಕ್ಷ್ಮೇಶ್ವರದಲ್ಲಿ ಇಳಿಯುವಾಗ ಸಿಟ್ಟು ಬಂದಿತ್ತು. ಸಾಯುವುದು ಯಾರ ಕೈಯಲ್ಲೂ ಇಲ್ಲ. ಹೇಳುವುದು ಕೈಯಲ್ಲಿತ್ತಲ್ಲ?

ಅವರ ಮನೆಯಲ್ಲಿ ಯಾವಾಗಲೂ ಹುಡುಗರ ಗದ್ದಲ. ಅವತ್ತು ಮೊಮ್ಮಕ್ಕಳೆಲ್ಲ ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದವು. ದನಿಯಿಲ್ಲ. ಒಬ್ಬ ಹುಡುಗಿ ನನ್ನನ್ನು ನೋಡಿ ಪಿಸುಗುಟ್ಟಿದಳು: "ಒಳಗ ಗದ್ಲ ಮಾಡಬಾರದಂತ್ರಿ. ಅಮ್ಮ ಬೈತಾಳ." ಅಲ್ಲಿ ಎಲ್ಲ ಮೊಮ್ಮಕ್ಕಳೂ ನೀಲವ್ವಗೆ ಅಮ್ಮ ಅನ್ನುತ್ತವೆ.

ಮಂದಿ ಸತ್ತ ಮನೆಯ ಹಾಗಿತ್ತು. ಅಂಗಳದಲ್ಲಿ ನಮ್ಮ ಪಂಜರ ಕಂಡಿತು. ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದರು. ಒಳಗೆ ಏನೂ ಇಲ್ಲ. ನಾನು ಅಲ್ಲೇ ನಿಂತೆ. ಹಕ್ಕಿ ಅಂದರೆ ಅಷ್ಟಕ್ಕಷ್ಟೇ ಅಂತ ಮೇಲೆ ಬರೆದಿದ್ದೇನೆ. ಅದು ಖರೆ. ಆದರೂ ಕಾಲು ಮುಂದೆ ಹೋಗಲಿಲ್ಲ.

ನೀಲವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಮಂಗಳವಾರ ಅಂದ್ರೂ ಬಂದ್ರೇನ್ರಿ ಅಕ್ಕಾರ! ಬರ್ರಿ, ಬರ್ರಿ" ಅನ್ನುತ್ತ ನನ್ನ ಕೈ ಬಿಡಿಸಿ ಒಂದು ಹಿಡಿ ಸಕ್ಕರೆ ಹಾಕಿದರು.

ನನಗೆ ತಡೆಯಲಾಗಲಿಲ್ಲ. "ಸತ್ತಿದ್ದಕ್ಕ ಸಕ್ಕರಿ ಕೊಡ್ತಾರೇನ್ರಿ ನಿಮ್ಮ ಊರಾಗ?" ಅಂದೆ.

ಅವರ ಬಾಯಿ ತೆರೆದದ್ದು ತೆರೆದೇ ಇತ್ತು. "ಯಾರ ಸತ್ತಾರ್ರೀ?"

"ಹಕ್ಕಿ!"

"ಬಿಡ್ತ ಅನ್ರಿ!" ಅಂತ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದರು.

ಒಳಖೋಲಿಯ ಕಿಟಕಿಗೆ ಕೌದಿ ಕಟ್ಟಿದ್ದರು. ಮೂಲೆಯಲ್ಲಿ ಹಾಲು ಮೊಸರು ಇಡುವ ಹಳೆಯ ತಂತಿ ಜಾಳಿಗೆಯ ಕಪಾಟು. ಹಾಲಿನ ಗಡಿಗೆಗಳನ್ನೆಲ್ಲ ತೆಗೆದಿದ್ದರು. ನಡುವೆ ಒಂದು ಸಣ್ಣ ಮಣ್ಣಿನ ಗಡಿಗೆಯನ್ನು ಅಡ್ಡ ಮಲಗಿಸಿ ಇಟ್ಟಿದ್ದರು. ಕತ್ತಲೆಗೆ ನನ್ನ ಕಣ್ಣು ಹೊಂದಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ಗಡಿಗೆಯ ಬಾಯಿಂದ ಹಳದಿ ತಲೆ ಹೊರಬಂತು. ನನ್ನನ್ನು ನೋಡಿ ಕಿರ್ರೆಂದು ಬೈಯಿತು, ಮತ್ತೆ ಒಳಗೆ ಹೋಯಿತು.

ಅದರ ಹೊಟ್ಟೆಯ ಕೆಳಗೆ ಮೂರು ಬಿಳಿ ಮೊಟ್ಟೆ.

"ನಿಮ್ಮ ರಾಜಾ ಬಾಣಂತಿ ಆಗ್ಯಾಳ್ರಿ ಅಕ್ಕಾರ" ಅಂದರು ನೀಲವ್ವ. ಮೊದಲ ಮೊಟ್ಟೆಯನ್ನು ಪಂಜರದ ತಳದಲ್ಲೇ ಇಟ್ಟಿತ್ತಂತೆ. ಇವರು ಸಂತೆಗೆ ಹೇಳಿ ಕಳಿಸಿ ಗಡಿಗೆ ತರಿಸಿದರಂತೆ. ಗಡಿಗೆ ಪಂಜರದ ಬಾಗಿಲಲ್ಲಿ ಹಿಡಿಯಲಿಲ್ಲ, ಅದಕ್ಕೇ ಕಪಾಟು.

ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಕೈಯಲ್ಲಿದ್ದ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡೆ. ಆಮೇಲೆ ಕೇಳಿದೆ: "ಫೋನಿನ್ಯಾಗ ಹೇಳಾಕ ಏನ ಧಾಡಿ ಆಗಿತ್ರಿ ನಿಮಗ?"

"ಸಿಹಿ ಸುದ್ದಿ ಫೋನಿನ್ಯಾಗ ಹೇಳ್ತಾರೇನ್ರಿ? ಕೈಯಾಗ ಸಕ್ಕರಿ ಕೊಟ್ಟ ಹೇಳಬೇಕು. ಮತ್ತ ಹಸೀ ಬಾಣಂತಿನ್ನ ವಿಡಿಯೋದಾಗ ತೋರಸ್ತಾರೇನು? ದೃಷ್ಟಿ ಆಗಂಗಿಲ್ಲ?"

ನೋಡಿದರೆ ಕಾಳಿನ ಬಟ್ಟಲಲ್ಲಿ ನವಣೆಯ ಜೊತೆ ಅಳವಿ ಬೀಜವೂ ಇತ್ತು. ನಮ್ಮಲ್ಲಿ ಹೆತ್ತವರಿಗೆ ಪಾಯಸ ಮಾಡಿ ಕೊಡುವ ಅಳವಿ.

"ನೀಲವ್ವಾರ, ಗಂಡಿಲ್ಲದ ಇಟ್ಟ ಮೊಟ್ಟಿ ಇವು. ಎಷ್ಟ ಕಾವ ಕೊಟ್ರೂ ಮರಿ ಆಗಂಗಿಲ್ಲ" ಅಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ.

"ಅದು ನಿಮಗ ಗೊತ್ತು, ನನಗ ಗೊತ್ತು" ಅಂದರು ನೀಲವ್ವ. "ಅದಕ್ಕ ಗೊತ್ತೇನ್ರಿ?"



ಮನೆಗೆ ಫೋನ್ ಹಚ್ಚಿದೆ. ಸವಿತಾ ಎತ್ತಿದಳು. "ಹಕ್ಕಿ ಜೀವಂತ ಐತಿ. ನಿಮ್ಮವ್ವ ನಿನ್ನ ಬಾಣಂತನಾನೂ ಇಷ್ಟ ಚಂದ ಮಾಡಿರಲಿಲ್ಲ" ಅಂದೆ. ಆ ಕಡೆ ಅವಳು ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ. ಫೋನ್ ಕಸಿದುಕೊಂಡ ಸಹನಾ ತೋರಿಸು ತೋರಿಸು ಅಂತ ಹಟ ಹಿಡಿದಳು. ನೀಲವ್ವ ಒಪ್ಪಲಿಲ್ಲ. ಆಮೇಲೆ ತಾವೇ ಹೋಗಿ ಕಾಡಿಗೆ ತಂದು, ಗಡಿಗೆಗೆ ದೊಡ್ಡದೊಂದು ಬೊಟ್ಟು ಇಟ್ಟು, "ಈಗ ತೋರಸ್ರಿ" ಅಂದರು.

"ಆಯಿ, ರಾಜಾ ಹೆಣ್ಣೇನು?"

"ಹೌದು."

"ಹಂಗಾರ ಬಸ್ಸಿನ್ಯಾಗ ನಾ ಸುಳ್ಳ ಹೇಳಿದ್ನೇನು?"

"ನೀ ಒಬ್ಬಾಕಿ ಅಲ್ಲ. ಎಲ್ಲಾರೂ ಹಂಗ ತಿಳದಿದ್ವಿ."

ಬೀಗರ ಮನೆಗೆ ಹೋದರೆ ಊಟ ಮಾಡಿ ಸಂಜೆ ಬಸ್ಸಿಗೆ ಮರಳುವುದು ನನ್ನ ರೂಢಿ. ಅವತ್ತು ಉಳಿದೆ. ಮಂಗಳವಾರದ ನೆಪ ಹೇಳಿದೆ, ಆದರೆ ಖರೆ ಅಂದರೆ ಏಳುವ ಮನಸ್ಸಿರಲಿಲ್ಲ. ಐದಾರು ದಿನದಿಂದ ಎದೆಯ ಮೇಲೆ ಕುಳಿತದ್ದು ಇಳಿದಿತ್ತು. ಹುಡುಗಿಗೆ ಕೊಟ್ಟ ಮಾತು ಉಳಿದಿತ್ತು, ಸೊಸೆ ಇನ್ನು ಮುಖ ಎತ್ತಿ ಓಡಾಡಬಹುದಿತ್ತು, ನೀಲವ್ವಗೆ ನಾನು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳನ್ನು ಪೂರ್ತಿ ಆಡುವ ಪ್ರಸಂಗ ಬರಲಿಲ್ಲ. ಇಬ್ಬರೂ ಆ ಖೋಲಿಯ ಹೊಸ್ತಿಲ ಹೊರಗೆ ಕುಳಿತು ಅಳವಿ ಪಾಯಸ ಕುಡಿದೆವು, ದನಿ ತಗ್ಗಿಸಿ ಮಾತಾಡಿದೆವು. ಈಗಲೂ ನನಗೆ ಯಾವುದಾದರೂ ಚಿಂತೆ ಹತ್ತಿ ಆಮೇಲೆ ಬಿಟ್ಟರೆ, ಬಾಯಿಗೆ ಆ ಪಾಯಸದ ರುಚಿ ಬರುತ್ತದೆ.

ಬುಧವಾರ ಬೆಳಿಗ್ಗೆ ನೀಲವ್ವ, "ಇವತ್ತ ಬುಧವಾರ. ಒಯ್ಯೂದಾದ್ರ ಒಯ್ರಿ ಅಕ್ಕಾರ" ಅಂದರು. ಒಳಗೆ ಹೋಗಿ ನೋಡಿದೆ. ಹಕ್ಕಿ ಮೊಟ್ಟೆ ಬಿಟ್ಟು ಎದ್ದಿರಲಿಲ್ಲ. ನೀರು ಬದಲಿಸಿದೆ, ಕಪಾಟಿನ ಕದ ಹಾಕಿದೆ, ಖಾಲಿ ಪಂಜರ ಹಿಡಿದುಕೊಂಡು ಮೊದಲ ಬಸ್ ಹತ್ತಿದೆ. ಬೆಟಗೇರಿಯಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ಸೀದಾ ವೆಲ್ಡಿಂಗ್ ಅಂಗಡಿಗೆ ಹೋಗಿ ಪಂಜರವನ್ನು ವೆಲ್ಡಿಂಗ್ ಮಾಡುವವನ ಮುಂದೆ ಇಟ್ಟೆ. ಎರಡೂ ಕೈಯನ್ನು ಗಡಿಗೆಯಷ್ಟು ಅಗಲ ಮಾಡಿ, "ಬಾಗಲಾ ಇಷ್ಟ ದೊಡ್ಡದ ಮಾಡಿ ಕೊಡು" ಅಂದೆ.

"ಇಷ್ಟ ದೊಡ್ಡ ಬಾಗಲಾ ಯಾತಕ್ಕ ಬೇಕಬೇ?" ಅಂದ ಅವನು.

"ಬಾಣಂತಿ ಬರೂದೈತಿ. ಜಲ್ದಿ ಮಾಡು" ಅಂದೆ.