ಬೀಮಿನ ಸ್ವಂತ ತೂಕ ಮರೆತ ಕಂಪ್ಯೂಟರ್ ಕಾಗದ

ಆ ಕಾಗದದ ಕೊನೆಯ ಅಂಕಿ ನೋಡಿದಾಗ ಮೊದಲು ನನ್ನ ಲೆಕ್ಕವೇ ತಪ್ಪಿರಬೇಕು ಅಂದುಕೊಂಡೆ.

ಎಂಬತ್ತರ ದಶಕದ ಕೊನೆ. ಹುಮನಾಬಾದ್‌ನಲ್ಲಿ ಒಂದು ಶಾಲೆಯ ಹಾಲ್ ಕಟ್ಟುತ್ತಿದ್ದೆವು. ನನಗೆ ಇಪ್ಪತ್ತು ವರ್ಷ, ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹೋಗಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದೆ.

ಹಸಿ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊರುವುದು ನಮ್ಮ ಹಲಗೆ, ನಮ್ಮ ಕಂಬ. ಎಷ್ಟು ಕಂಬ ಬೇಕು ಅಂತ ತಿಳಿಯಲು ಕಾಂಕ್ರೀಟಿನ ತೂಕ ಹಾಕುವುದನ್ನು ಮಿಸ್ತ್ರಿ ಮೆಹಬೂಬ್ ಮಾಮಾ ಕಲಿಸಿದ್ದರು. ಶಾಲೆಯಲ್ಲಿ ತಲೆಗೆ ಹತ್ತದ ಗುಣಾಕಾರ ಹಲಗೆಯ ಮೇಲೆ ಸಲೀಸಾಗಿ ಬರುತ್ತಿತ್ತು.

ಒಂದು ಬೀಮ್, ಅದರ ಪಾಲಿನ ಸ್ಲ್ಯಾಬ್ ಸೇರಿ ನನಗೆ ಬಂದದ್ದು ಹದಿಮೂರೂವರೆ ಟನ್.

ಇಂಜಿನಿಯರ್ ಸಾಹೇಬರು ಹೈದರಾಬಾದ್‌ನಲ್ಲಿ ಕಂಪ್ಯೂಟರಿಗೆ ಹಾಕಿಸಿ ತಂದ ಕಾಗದದಲ್ಲಿ ಅದೇ ಬೀಮ್ ಎರಡೂ ಕಾಲಂ ಮೇಲೆ ಹಾಕುವ ಒಟ್ಟು ಭಾರ ಒಂಬತ್ತೂವರೆ! ಇಂಗ್ಲಿಷ್ ಬರದಿದ್ದರೂ ಯಾವ ಅಂಕಿ ಯಾವುದರದು ಅಂತ ಅವರೇ ಒಮ್ಮೆ ಹೇಳಿದ್ದರು.

ಖಾಲಿ ಛಾವಣಿಯೇ ಹದಿಮೂರೂವರೆ... ಮೇಲೆ ಜನ ಹತ್ತಿದರೆ ಒಂಬತ್ತೂವರೆ?

ಸರಳು ಕಟ್ಟಿ ಮುಗಿದಿತ್ತು. ಮರುದಿನ ಬೆಳಿಗ್ಗೆ ಕಾಂಕ್ರೀಟ್.

“ಸುಮ್ನ ಇರಲೇ,” ಮಾಮಾ ತೋಳು ಹಿಡಿದು ಎಳೆದರು. “ನಿನ್ನ ಕೆಲಸನೂ ಹೋಗತದ, ನಂದೂ ಹೋಗತದ.”

ನಾನು ಸುಮ್ಮನಿರಲಿಲ್ಲ, ಎರಡೂ ಅಂಕಿ ಸಾಹೇಬರಿಗೆ ಹೇಳಿದೆ. “ಸಾಹೇಬ್ರ, ಈ ಭಾರ ನಾಳಿ ನನ್ನ ಕಂಬ ಹೊರತಾವ. ಕಂಬ ತೆಗದ ಮ್ಯಾಲ ಯಾರು ಹೊರಬೇಕ್ರಿ?”

ಸಾಹೇಬರು ನಕ್ಕರು. “ಎಂಟನೇ ಕ್ಲಾಸ್ ಬಿಟ್ಟಾಂವ ಕಂಪ್ಯೂಟರಿಗೆ ಪಾಠ ಹೇಳಾಕತ್ತಾನ ನೋಡ್ರಿ!”

ಎಲ್ಲರೂ ನಕ್ಕರು. ನಾನು ಲೆಕ್ಕ ಬರೆದ ಹಲಗೆ ತಂದು ಅವರ ಮುಂದಿಟ್ಟೆ. ತಪ್ಪಿದ್ದರೆ ಇವತ್ತೇ ಕೆಲಸ ಬಿಡುತ್ತೇನೆ ಅಂದೆ.

ಅವರು ನೋಡುತ್ತಾರೆ... ಮತ್ತೆ ನೋಡುತ್ತಾರೆ...

“ತಪ್ಪದ. ಬೀಮಿನ ಮ್ಯಾಲಿನ ಐದು ಇಂಚು, ಸ್ಲ್ಯಾಬ್ ಕೂಡೋ ಜಾಗಾ, ಬೀಮಿನಾಗ ಒಮ್ಮೆ, ಸ್ಲ್ಯಾಬಿನಾಗ ಒಮ್ಮೆ, ಎರಡು ಸಲ ಹಿಡದಿ.”

ನಿಜ. ಹೆಚ್ಚು ಕಡಿಮೆ ಒಂದು ಟನ್ ಜಾಸ್ತಿ ಹಾಕಿದ್ದೆ. ಮುಖ ಸುಟ್ಟ ಹಾಗಾಯಿತು.

ಆದರೆ ಸಾಹೇಬರು ನಗಲಿಲ್ಲ. ಒಂದು ಟನ್ ಕಳೆದರೂ ಇನ್ನೂ ಹನ್ನೆರಡೂವರೆ ಇತ್ತಲ್ಲ! ಕಾಗದ ಸುತ್ತಿಕೊಂಡು ಹೈದರಾಬಾದಿಗೆ ಟ್ರಂಕ್ ಕಾಲ್ ಮಾಡಲು ಅಂಚೆ ಕಚೇರಿಗೆ ಹೋದರು.

ಬಂದಾಗ ಸಂಜೆ. ಸ್ವಂತ ತೂಕ ಸೇರಿಸು ಅಂತ ಆ ಪ್ರೋಗ್ರಾಮಿಗೆ ಬೇರೆ ಸಾಲು ಬರೆದು ಹೇಳಬೇಕಂತೆ. ಅದು ತಾನಾಗಿಯೇ ಹಿಡಿಯುತ್ತದೆ ಅಂದುಕೊಂಡು ಯಾರೂ ಬರೆದಿರಲಿಲ್ಲ. ಕಾಗದದ ಒಂಬತ್ತೂವರೆ ಬರೀ ಮೇಲೆ ಬರುವ ಭಾರ; ಬೀಮು, ಸ್ಲ್ಯಾಬು ಎರಡಕ್ಕೂ ತೂಕವೇ ಇಲ್ಲ!

ಕಾಂಕ್ರೀಟ್ ನಿಂತಿತು. ಎಲ್ಲ ಮತ್ತೆ ಲೆಕ್ಕ ಹಾಕಿದರು. ಕಾಲಂ, ಪಾಯ ತಡೆಯುತ್ತಿದ್ದವು, ಬೀಮ್ ತಡೆಯುತ್ತಿರಲಿಲ್ಲ. ಹೆಚ್ಚಿನ ಸರಳು ಬಂತು.

ಸಾಹೇಬರು ಸೈಟ್ ರಿಜಿಸ್ಟರ್‌ನಲ್ಲಿ ತಪ್ಪು ಹಿಡಿದವನು ಅಂತ ನನ್ನ ಹೆಸರು ಬರೆದರು. ನನ್ನ ಒಂದು ಟನ್ನಿನ ತಪ್ಪನ್ನೂ ಬರೆಯಿರಿ ಅಂದೆ.

“ಭಾರಿ ಹಟಮಾರಿ ಇದ್ದಿ ಬಿಡಪಾ,” ಅಂದು ಅದನ್ನೂ ಬರೆದರು.

ನನ್ನ ಹತ್ತಿರ ಮಾರ್ಕ್ಸ್ ಕಾರ್ಡ್ ಇಲ್ಲ. ಆ ಎರಡು ಸಾಲು ಇವತ್ತಿಗೂ ಬಾಯಿಪಾಠ.

ಲೆಕ್ಕ ತಪ್ಪಿದರೂ ಮಾತು ಸರಿಯಾಗಿದ್ದ ದಿನ ನಿಮಗೂ ಬಂದಿದೆಯಾ?